ಸಕ್ಕರೆ ಎಲ್ಲಿದೆ ಅಂತ ಬ್ಯಾಕ್ಟೀರಿಯಾಗೆ ಗೊತ್ತಿರಲ್ಲ

ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಈಜೋದನ್ನ ಮೈಕ್ರೋಸ್ಕೋಪಲ್ಲಿ ಮೊದಲ ಸಲ ನೋಡಿದ ಹುಡುಗ್ರು ಹೆಚ್ಚು ಕಮ್ಮಿ ಎಲ್ಲರೂ ಕೇಳೋದು ಒಂದೇ, ಮೇಡಂ ಸಕ್ಕರೆ ಯಾವ ಕಡೆ ಇದೆ ಅಂತ ಇದಕ್ಕೆ ಹೆಂಗೆ ಗೊತ್ತಾಗತ್ತೆ? ಗೊತ್ತಾಗಲ್ಲ ಅಂತೀನಿ. ನಂಬಲ್ಲ, ಯಾಕಂದ್ರೆ ಸಕ್ಕರೆ ತುಂಬಿದ ಕ್ಯಾಪಿಲರಿ ಟ್ಯೂಬಿನ ಬಾಯಿ ಹತ್ರ ಅವು ಮುತ್ಕೊಂಡಿರೋದು ಕಣ್ಣಿಗೇ ಕಾಣ್ತಿರತ್ತೆ.

ನೋಡಿ, ಅದರ ಮೈ ಉದ್ದ ಸುಮಾರು 2 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗ. ಅಷ್ಟರೊಳಗೆ ಈ ತುದಿಗೂ ಆ ತುದಿಗೂ ಸಕ್ಕರೆ ಪ್ರಮಾಣದಲ್ಲಿ ಇರೋ ವ್ಯತ್ಯಾಸ ತೀರಾ ಸಣ್ಣದು, ಅದನ್ನ ನಂಬ್ಕೊಂಡು ದಿಕ್ಕು ಹಿಡಿಯೋಕಾಗಲ್ಲ. ಅದಕ್ಕೇ ಇದು ಇಲ್ಲಿಗೂ ಅಲ್ಲಿಗೂ ಹೋಲಿಸಲ್ಲ, ಈಗಿಗೂ ಆಗಿಗೂ ಹೋಲಿಸತ್ತೆ. ಕೆಲವೇ ಸೆಕೆಂಡ್ ಹಿಂದೆ ಇದ್ದಿದ್ದಕ್ಕಿಂತ ಈಗ ಸಕ್ಕರೆ ಜಾಸ್ತಿನಾ ಕಮ್ಮಿನಾ, ಅಷ್ಟೇ ಅದರ ಲೆಕ್ಕ. 1972ರಲ್ಲಿ ವಿಜ್ಞಾನಿಗಳಾದ ಮ್ಯಾಕ್‌ನಾಬ್ ಮತ್ತು ಕೋಶ್‌ಲ್ಯಾಂಡ್ ಇದನ್ನ ಬಹಳ ಚಂದವಾಗಿ ತೋರಿಸಿದ್ರು, ಬ್ಯಾಕ್ಟೀರಿಯಾಗೆ ಇಷ್ಟವಾದ ಪದಾರ್ಥವನ್ನ ದಿಢೀರ್ ಅಂತ ಬೆರೆಸಿ ಎಲ್ಲಾ ಕಡೆ ಒಂದೇ ಸಮ ಮಾಡಿಬಿಟ್ರು, ಅಂದ್ರೆ ಹೋಗೋಕೆ ಅಂತ ಒಂದು ದಿಕ್ಕೇ ಇಲ್ಲ, ಆದ್ರೂ ಅವೆಲ್ಲ ಸ್ವಲ್ಪ ಹೊತ್ತು ನೆಟ್ಟಗೆ ಈಜಿದ್ವು. ಒಳ್ಳೇ ಕಡೆಗೇ ಹೋಗ್ತಿದೀವಿ ಅನ್ನೋ ಹಾಗೆ.

ಈಜೋ ರೀತಿ ಹೇಳ್ಬೇಕು. ಮೈಮೇಲೆ ನಾಲ್ಕಾರು ಫ್ಲಾಜೆಲ್ಲಾ, ಅಂದ್ರೆ ಬಾಲದಂಥ ಎಳೆಗಳು, ಇರ್ತವೆ, ಒಂದೊಂದರ ಬುಡದಲ್ಲೂ ಒಂದು ಮೋಟಾರ್. ಮೋಟಾರ್‌ಗಳೆಲ್ಲ ಅಪ್ರದಕ್ಷಿಣವಾಗಿ ತಿರುಗಿದ್ರೆ ಎಲ್ಲಾ ಸೇರಿ ಜಡೆ ಥರ ಹೆಣೆದ್ಕೊಂಡು ಸೆಕೆಂಡಿಗೆ ಇಪ್ಪತ್ತು ಮೂವತ್ತು ಮೈಕ್ರಾನ್ ಮುಂದೆ ತಳ್ತವೆ, ಒಂದೆರಡು ಪ್ರದಕ್ಷಿಣವಾಗಿ ತಿರುಗಿದ್ರೂ ಜಡೆ ಬಿಚ್ಚಿ ಮೈ ಅಲ್ಲಲ್ಲೇ ಹೊರಳಾಡಿ ಇನ್ಯಾವ್ದೋ ಕಡೆ ಮುಖ ಮಾಡತ್ತೆ. ಸಾಮಾನ್ಯವಾಗಿ ಒಂದು ಸೆಕೆಂಡ್ ಓಟ, ಸೆಕೆಂಡಿನ ಹತ್ತನೇ ಒಂದು ಭಾಗ ಹೊರಳಾಟ. ಸಕ್ಕರೆ ಜಾಸ್ತಿ ಆಗ್ತಾ ಇದ್ರೆ ಹೊರಳಾಟ ಮುಂದಕ್ಕೆ ಹೋಗತ್ತೆ, ಆ ಓಟ ಉದ್ದ ಆಗತ್ತೆ. ಗುಂಪು ಮುತ್ಕೊಳ್ಳೋದು ಇಷ್ಟರಿಂದಾನೇ.

ತಿಂದು ನೋಡಿ ತಿಳ್ಕೊಳ್ಳತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅದೂ ಅಲ್ಲ. ಗ್ಯಾಲಕ್ಟೋಸ್ ಅನ್ನೋ ಸಕ್ಕರೆನ ಅರಗಿಸ್ಕೊಳ್ಳೋಕೇ ಆಗದ ಮ್ಯುಟೆಂಟ್‌ಗಳೂ (ಜೀನ್ ಬದಲಾದ ತಳಿಗಳು) ಗ್ಯಾಲಕ್ಟೋಸ್ ಕಡೆ ಹೋಗ್ತವೆ ಅಂತ ವಿಜ್ಞಾನಿ ಜೂಲಿಯಸ್ ಆಡ್ಲರ್ 1969ರಲ್ಲೇ ತೋರಿಸಿದ್ರು. ಹೊರಪೊರೆಯ ಒಳಗಿರೋ ಒಂದು ಪ್ರೋಟೀನ್ ಆ ಸಕ್ಕರೆನ ಹಿಡ್ಕೊಂಡು ಟಿಆರ್‌ಜಿ ಅನ್ನೋ ರಿಸೆಪ್ಟರ್‌ಗೆ, ಅಂದ್ರೆ ಸುದ್ದಿ ಹಿಡಿಯೋ ಪ್ರೋಟೀನಿಗೆ, ಹೋಗಿ ಕೂರತ್ತೆ. ರಿಸೆಪ್ಟರ್ ಖಾಲಿ ಇದ್ದಾಗ ಚೀ-ಎ ಅನ್ನೋ ಕೈನೇಸ್ (ಫಾಸ್ಫೇಟ್ ಅಂಟಿಸೋ ಎಂಜೈಮ್) ಚುರುಕಾಗಿದ್ದು ಚೀ-ವೈ ಅನ್ನೋ ಪ್ರೋಟೀನಿಗೆ ಫಾಸ್ಫೇಟ್ ಕೊಡ್ತಾನೇ ಇರತ್ತೆ, ಆ ಚೀ-ವೈ ಹೋಗಿ ಮೋಟಾರನ್ನ ಪ್ರದಕ್ಷಿಣವಾಗಿ ತಿರುಗಿಸಿಬಿಡತ್ತೆ, ಹೊರಳಾಟ ಶುರು. ಸಕ್ಕರೆ ಕೂತ್ರೆ ಚೀ-ಎ ಸುಮ್ನಾಗತ್ತೆ, ಓಟ ಮುಂದುವರಿಯತ್ತೆ.

ನೆನಪು ಎಲ್ಲಿ ಅಂದ್ರೆ, ರಿಸೆಪ್ಟರ್ ಮೇಲೇ. ಚೀ-ಆರ್ ಅನ್ನೋ ಎಂಜೈಮ್ ಅದಕ್ಕೆ ಮೀಥೈಲ್ ಗುಂಪು ಅನ್ನೋ ಪುಟ್ಟ ರಾಸಾಯನಿಕ ತುಣುಕುಗಳನ್ನ ನಿಧಾನಕ್ಕೆ ಅಂಟಿಸ್ತಾ ಹೋಗತ್ತೆ, ಚೀ-ಬಿ ಅನ್ನೋ ಇನ್ನೊಂದು ಎಂಜೈಮ್ ಕೀಳ್ತಾ ಬರತ್ತೆ. ಸಕ್ಕರೆ ಏರಿದ್ ತಕ್ಷಣ ಚೀ-ಎ ಸುಮ್ನಾದ್ರೂ, ಮೀಥೈಲ್ ಹೆಚ್ಚಾಗ್ತಾ ಹೋದ ಹಾಗೆ ಅದು ಮತ್ತೆ ಹಳೇ ಮಟ್ಟಕ್ಕೆ ಬರತ್ತೆ. ಈ ನಿಧಾನ ಇದೆಯಲ್ಲ, ನನಗೆ ಇಡೀ ವಿಷಯದಲ್ಲಿ ಅತ್ಯಂತ ಸುಂದರ ಅನ್ಸೋದು ಅದೇ, ಸಕ್ಕರೆ ಬಂದು ಕೂರೋದು (ಬೈಂಡಿಂಗ್) ಈಗಿನದ್ದನ್ನ ಹೇಳತ್ತೆ, ಮೀಥೈಲ್ ಸ್ವಲ್ಪ ಹೊತ್ತಿನ ಹಿಂದಿನದ್ದನ್ನ ಹೇಳತ್ತೆ, ಎರಡರ ವ್ಯತ್ಯಾಸದಲ್ಲೇ ಹೋಲಿಕೆ ಮುಗಿದುಹೋಯ್ತು.

ಹೊರಳೋಕೇ ಬರದ, ಚೀ-ವೈ ಇಲ್ಲದ ಮ್ಯುಟೆಂಟ್ ಬರೀ ನೆಟ್ಟಗೆ ಈಜತ್ತೆ, ಹಾಗಾದ್ರೆ ಅದೇ ಹೆಚ್ಚು ದೂರ ಹೋಗ್ಬೇಕಲ್ವಾ ಅಂತಾರೆ. ಸಾಫ್ಟ್ ಅಗಾರ್ (ಮೆತ್ತಗಿನ ಜೆಲ್ಲಿ ಥರದ್ದು) ಪ್ಲೇಟಲ್ಲಿ ಹಾಕಿ ನೋಡಿ. ಮಾಮೂಲಿ ತಳಿ ರಾತ್ರಿ ಕಳೆಯೋದ್ರಲ್ಲಿ ಬಳೆ ಥರ ರಿಂಗ್ ಕಟ್ಕೊಂಡು ಅಗಲ ಆಗಿರತ್ತೆ, ತಿಂದ ಜಾಗದಲ್ಲಿ ಆಹಾರ ಕಮ್ಮಿ ಆಗಿ ಹೊರಗಡೆ ಜಾಸ್ತಿ ಉಳಿಯೋದ್ರಿಂದ. ಆ ಮ್ಯುಟೆಂಟ್ ಮಾತ್ರ ಅಗಾರ್ ಸಂದಿಗಳಲ್ಲಿ ಸಿಕ್ಕಾಕೊಂಡು, ಹಿಂದೆ ತಿರುಗೋಕೂ ಬರದೆ, ಇಟ್ಟ ಜಾಗದ ಹತ್ರಾನೇ ಉಳಿದಿರತ್ತೆ.

ಒಂದು ಸಲ ಒಬ್ಬ ವಿದ್ಯಾರ್ಥಿನಿ ತುಂಬಾ ಬೇಜಾರಲ್ಲಿ ಬಂದ್ಲು, ಸ್ಲೈಡಲ್ಲಿ ಒಂದೂ ಈಜ್ತಿಲ್ಲ ಅಂತ. ಸಕ್ಕರೆ ಪ್ರಯೋಗ ಅಲ್ವಾ ಅಂತ ಕಲ್ಚರ್‌ನ ಗ್ಲೂಕೋಸ್ ಹಾಕಿ 37 ಡಿಗ್ರಿಲಿ ಬೆಳೆಸಿದ್ಲು. ಗ್ಲೂಕೋಸ್ ಧಾರಾಳವಾಗಿ ಸಿಕ್ಕಿದ್ರೆ ಇ. ಕೋಲೈ ಫ್ಲಾಜೆಲ್ಲಾ ಮಾಡೋ ಜೀನ್‌ಗಳನ್ನೇ ತಗ್ಗಿಸಿಬಿಡತ್ತೆ, ಬಿಸಿ ಜಾಸ್ತಿ ಆದ್ರೂ ಫ್ಲಾಜೆಲ್ಲಾ ಕಮ್ಮಿನೇ. ಗ್ಲೂಕೋಸ್ ಇಲ್ಲದ ಟ್ರಿಪ್ಟೋನ್ ಬ್ರಾತಲ್ಲಿ 30 ಡಿಗ್ರಿಗೆ ಇಡು, ಪಿಪೆಟಲ್ಲಿ ಜೋರಾಗಿ ಎಳೀಬೇಡ ಫ್ಲಾಜೆಲ್ಲಾ ಮುರಿದೋಗ್ತವೆ ಅಂದೆ. ಮಾರನೇ ದಿನ ಅವಳು ಐಪೀಸ್ ಬಿಟ್ಟು ಏಳಲೇ ಇಲ್ಲ, ಮೇಡಂ ಓಡ್ತಿದಾವೆ, ಹೊರಳ್ತಿದಾವೆ, ನೀವೂ ಬಂದು ನೋಡಿ ಅಂತ ಕೂಗ್ತಾನೇ ಇದ್ಲು.