ಮುಂಗಾಜಿನ ಬಿಸಿಲಿಗೆ ಬಾಳುವ ಬ್ಯಾಟರಿ

ಫೋನಿನಲ್ಲಿಯೇ ನಕ್ಷೆ ಸಿಗುವ ಕಾಲದಲ್ಲಿ ಕಾರಿನ ಮುಂಗಾಜಿಗೆ ಅಂಟಿಸುವ ಪ್ರತ್ಯೇಕ ಜಿಪಿಎಸ್ ಸಾಧನವನ್ನು ಯಾರು ಬಳಸುತ್ತಾರೆ ಎಂದು ಕೇಳುವವರಿದ್ದಾರೆ. ನನ್ನ ದುರಸ್ತಿ ಮೇಜಿಗೆ ಅವು ಇನ್ನೂ ಬರುತ್ತಿವೆ. ಮೊಬೈಲ್ ಸಿಗ್ನಲ್ ಕೈಕೊಡುವ ಘಟ್ಟದ ದಾರಿಗಳಲ್ಲಿ ಪ್ರವಾಸಿ ವಾಹನ ಓಡಿಸುವವರು, ಕಾಡುಮೇಡು ಸುತ್ತುವವರು, ಹತ್ತು ವರ್ಷದ ಹಿಂದೆ ಕೊಂಡದ್ದನ್ನು ಎಸೆಯಲು ಮನಸ್ಸಾಗದ ಹಿರಿಯರು ಅವನ್ನು ತರುತ್ತಾರೆ. ದೂರು ಬಹುಪಾಲು ಒಂದೇ: “ವೈರ್ ತೆಗೆದ ಕೂಡಲೇ ಆಫ್ ಆಗುತ್ತೆ ಸರ್.” ಬೇಡಿಕೆಯೂ ಒಂದೇ: “ಜಾಸ್ತಿ ಎಂಎಎಚ್ ಇರೋ ಬ್ಯಾಟರಿ ಹಾಕಿಕೊಡಿ.” ದೂರನ್ನು ನಾನು ಒಪ್ಪುತ್ತೇನೆ, ಬೇಡಿಕೆಯನ್ನಲ್ಲ. ಈ ಸಾಧನಕ್ಕೆ ಬ್ಯಾಟರಿ ಆರಿಸುವಾಗ ಎಂಎಎಚ್ (ಮಿಲಿ ಆಂಪಿಯರ್ ಅವರ್) ಅಂಕಿ, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ, ಎಲ್ಲಕ್ಕಿಂತ ಕೊನೆಗೆ ನೋಡಬೇಕಾದದ್ದು.

ಕಾರಣ ತಿಳಿಯಬೇಕಾದರೆ, ಕಾರಿನೊಳಗೆ ಆ ಬ್ಯಾಟರಿ ಮಾಡುವ ಕೆಲಸವೇನೆಂದು ಮೊದಲು ನೋಡಬೇಕು. ಗಾಡಿ ಓಡುತ್ತಿರುವಷ್ಟು ಹೊತ್ತು ಸಾಧನಕ್ಕೆ ವಿದ್ಯುತ್ತು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಬರುತ್ತದೆ. ಅಡಾಪ್ಟರ್ ಅಲ್ಲಿನ 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಕೊಡುತ್ತದೆ. ಆದರೆ ಅನೇಕ ಕಾರುಗಳಲ್ಲಿ ಸೆಲ್ಫ್ ಹೊಡೆಯುವ ಆ ಒಂದೆರಡು ಸೆಕೆಂಡು ಸಾಕೆಟ್ಟಿಗೆ ವಿದ್ಯುತ್ತು ನಿಲ್ಲುತ್ತದೆ, ಆಗ ಸಾಧನವನ್ನು ಆರದಂತೆ ಕಾಯುವುದು ಒಳಗಿನ ಬ್ಯಾಟರಿ. ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಪ್ರತಿ ಜಿಪಿಎಸ್ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಸಾರುತ್ತಿರುತ್ತದೆ, ಮತ್ತು ಒಮ್ಮೆ ಪಡೆದ ಆ ವಿವರ ಸುಮಾರು ನಾಲ್ಕು ಗಂಟೆ ಕಾಲ ಬಳಕೆಗೆ ಬರುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗವೆನ್ನಬಹುದಾದ ಇನ್ನೊಂದು ಮಾಹಿತಿ ಪೂರ್ತಿಯಾಗಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಈ ವಿವರಗಳನ್ನೂ ಗಡಿಯಾರದ ಸಮಯವನ್ನೂ ಸಾಧನ ನೆನಪಿನಲ್ಲಿ ಇಟ್ಟುಕೊಂಡಿದ್ದರೆ ಮಧ್ಯಾಹ್ನದ ಊಟ ಮುಗಿಸಿ ಬಂದು ಒತ್ತಿದ ಕೂಡಲೇ ಸ್ಥಳ ತೋರಿಸುತ್ತದೆ. ಮರೆತಿದ್ದರೆ ಆಕಾಶವನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ. ಬಹಳಷ್ಟು ಮಾದರಿಗಳಲ್ಲಿ ಆರಿದ ಸಾಧನದ ಗಡಿಯಾರ ನಡೆಯುವುದು ಅದೇ ಬ್ಯಾಟರಿಯಿಂದ. ಹಾಗಾಗಿ “ಸ್ಯಾಟಲೈಟ್ ಹಿಡಿಯೋದು ನಿಧಾನ, ಆಂಟೆನಾ ಹೋಗಿರಬೇಕು” ಎಂದು ಬಂದ ಎಷ್ಟೋ ಸಾಧನಗಳಲ್ಲಿ ನಾನು ಬದಲಿಸಿದ್ದು ಬ್ಯಾಟರಿಯನ್ನು ಮಾತ್ರ.

ಇವೆರಡೂ ಹೆಚ್ಚು ಶಕ್ತಿ ಬೇಡುವ ಕೆಲಸಗಳಲ್ಲ. ಬೇಕಾದದ್ದು ಬಿಸಿಯಲ್ಲಿ ಬಾಳುವ ಗುಣ, ಮತ್ತು ನಮ್ಮ ಬ್ಯಾಟರಿಗಳನ್ನು ಕೊಲ್ಲುವುದೂ ಆ ಬಿಸಿಯೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು 2005ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪಮಾನ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಆ ಏರಿಕೆಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು, ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅವರ ಕಾಳಜಿ ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಬಗ್ಗೆ. ಅಂಕಿಗಳು ಮಾತ್ರ ನಮಗೂ ಅನ್ವಯಿಸುತ್ತವೆ. ಹೊರಗೆ 40 ಡಿಗ್ರಿ ಇರುವ ಕಲಬುರಗಿಯ ಏಪ್ರಿಲ್ ಮಧ್ಯಾಹ್ನವನ್ನು ಊಹಿಸಿಕೊಳ್ಳಿ: ಕಾರಿನೊಳಗಿನ ಗಾಳಿಯೇ 60 ಡಿಗ್ರಿ ದಾಟುತ್ತದೆ, ಗಾಜಿಗೆ ಅಂಟಿಕೊಂಡು ನೇರ ಬಿಸಿಲು ಹೀರುವ ಕಪ್ಪು ಪೆಟ್ಟಿಗೆಯ ಪಾಡು ಅದಕ್ಕಿಂತಲೂ ಕಷ್ಟ. ಸಾಮಾನ್ಯ ಲೀಥಿಯಂ ಅಯಾನ್ ಸೆಲ್ಲನ್ನು ಚಾರ್ಜ್ ಮಾಡಲು ತಯಾರಕರು ಹಾಕುವ ಮಿತಿ 45 ಡಿಗ್ರಿ, ಬಳಸಲು ಹಾಕುವ ಮಿತಿ 60. ಇದರ ಮೇಲೆ, ದಿನವಿಡೀ ಸಾಕೆಟ್ಟಿಗೆ ಸಿಕ್ಕಿಸಿಟ್ಟ ಸೆಲ್ ಸದಾ ಪೂರ್ಣ ಚಾರ್ಜಿನಲ್ಲಿ, ಅಂದರೆ 4.2 ವೋಲ್ಟಿನ ಬಳಿ ನಿಂತಿರುತ್ತದೆ. ಪೂರ್ಣ ಚಾರ್ಜೂ ಹೆಚ್ಚು ಶಾಖವೂ ಕೂಡಿದಾಗ ಒಳಗಿನ ದ್ರಾವಣ ಕೆಟ್ಟು ಅನಿಲ ಹುಟ್ಟುತ್ತದೆ, ಸೆಲ್ ಹಪ್ಪಳದಂತೆ ಉಬ್ಬಿ ಪರದೆಯನ್ನು ಹೊರಕ್ಕೆ ತಳ್ಳುತ್ತದೆ. ಉಬ್ಬಿದ ಸೆಲ್ಲನ್ನು ಒತ್ತಿ ಕೂರಿಸಲು, ಸೂಜಿ ಚುಚ್ಚಿ ಗಾಳಿ ಬಿಡಲು ಹೋದವರನ್ನು ನಾನು ಕಂಡಿದ್ದೇನೆ. ಅದು ಬೆಂಕಿಯೊಡನೆ ಆಟ. (ಕಾರಿನ ಡ್ಯಾಶ್‌ಕ್ಯಾಮ್‌ಗಳಲ್ಲಿ ಕೆಲವು ತಯಾರಕರು ಈ ಕಾರಣಕ್ಕೇ ಬ್ಯಾಟರಿಯನ್ನು ಕೈಬಿಟ್ಟು ಸೂಪರ್ ಕೆಪಾಸಿಟರ್ ಹಾಕುತ್ತಾರೆ. ದಾರಿ ತೋರುವ ಸಾಧನಗಳಲ್ಲೂ ಆ ಬುದ್ಧಿ ಬಂದಿದ್ದರೆ ನನ್ನ ಮೇಜಿನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು.)

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೇ ಎಂದು ನೋಡಬೇಕು. ಅಗ್ಗದ ಅಡಾಪ್ಟರ್ ಕೊಡುವ ಅರ್ಧ ಆಂಪಿಯರನ್ನು ಬೆಳಗುವ ಪರದೆಯೇ ನುಂಗಿಬಿಟ್ಟರೆ ಬ್ಯಾಟರಿ ಎಂದಿಗೂ ತುಂಬುವುದಿಲ್ಲ. ಸಾಧನವನ್ನು ಆರಿಸಿ, ಮನೆಯೊಳಗೆ, ಒಳ್ಳೆಯ ಚಾರ್ಜರಿಗೆ ರಾತ್ರಿಯಿಡೀ ಹಾಕಿಡಿ. ಬೆಳಿಗ್ಗೆ ಮಲ್ಟಿಮೀಟರಿನಲ್ಲಿ 4.1ರಿಂದ 4.2 ವೋಲ್ಟ್ ತೋರಿಸಿ, ಪರದೆ ಹೊತ್ತಿಸಿದ ಹತ್ತೇ ನಿಮಿಷದಲ್ಲಿ ಅದು 3.5ರ ಕೆಳಗೆ ಕುಸಿದರೆ ಸೆಲ್ಲಿನ ಆಯುಸ್ಸು ಮುಗಿದಿದೆ ಎಂದೇ ಲೆಕ್ಕ.

ಇನ್ನು ಆಯ್ಕೆ. ಒಳಗಿರುವುದು ಬೆಳ್ಳಿಬಣ್ಣದ ಚಪ್ಪಟೆ ಸೆಲ್ ಆಗಿದ್ದರೆ ಅದರ ಮೇಲೆ ಸಾಮಾನ್ಯವಾಗಿ ಆರಂಕಿಯ ಸಂಖ್ಯೆ ಇರುತ್ತದೆ. 503450 ಎಂದರೆ 5.0 ಮಿಲಿಮೀಟರ್ ದಪ್ಪ, 34 ಅಗಲ, 50 ಉದ್ದ. ಈ ಅಳತೆಯೇ ನಿಮ್ಮ ಕೆಪಾಸಿಟಿಯ ಮೇಲ್ಮಿತಿಯನ್ನೂ ನಿರ್ಧರಿಸುತ್ತದೆ, ಏಕೆಂದರೆ ಅಷ್ಟೇ ಜಾಗದಲ್ಲಿ ಎರಡು ಪಟ್ಟು ಶಕ್ತಿ ತುಂಬಿದ್ದೇವೆ ಎನ್ನುವವರು ಲೇಬಲನ್ನು ಮಾತ್ರ ಬದಲಿಸಿರುತ್ತಾರೆ. ದುಂಡನೆಯ 18650 ಸೆಲ್ಲಿನಲ್ಲಿ ಪ್ರಾಮಾಣಿಕ ತಯಾರಕರು ಕೊಡುವುದು ಸುಮಾರು 3500 ಎಂಎಎಚ್‌ವರೆಗೆ. ಅದೇ ಗಾತ್ರದ ಮೇಲೆ 9900 ಎಂದು ಅಚ್ಚಾಗಿದ್ದರೆ ಅದನ್ನು ಕೈಯಲ್ಲಿ ಹಿಡಿದು ನೋಡುವ ಅಗತ್ಯವೂ ಇಲ್ಲ. ದಪ್ಪ ಅರ್ಧ ಮಿಲಿಮೀಟರ್ ಕಡಿಮೆಯಾದರೂ ಪರವಾಗಿಲ್ಲ, ಹೆಚ್ಚಾಗಬಾರದು, ವಯಸ್ಸಾದಂತೆ ಸೆಲ್ಲಿಗೆ ಒಂದಿಷ್ಟು ಉಸಿರಾಡುವ ಜಾಗ ಬೇಕು.

ತಂತಿಗಳನ್ನು ಎಣಿಸಿ. ಕೆಂಪು, ಕಪ್ಪು ಅಲ್ಲದೆ ಬಿಳಿಯದೋ ಹಳದಿಯದೋ ಮೂರನೆಯ ತಂತಿ ಇದ್ದರೆ ಅದು ಸಾಮಾನ್ಯವಾಗಿ ಥರ್ಮಿಸ್ಟರಿನದು. ಸೆಲ್ ಎಷ್ಟು ಬಿಸಿಯಾಗಿದೆ ಎಂದು ಸಾಧನಕ್ಕೆ ತಿಳಿಸಿ, ಮಿತಿ ಮೀರಿದಾಗ ಚಾರ್ಜನ್ನು ನಿಲ್ಲಿಸುವುದು ಅದರ ಕೆಲಸ. ಎರಡೇ ತಂತಿಯ ಸೆಲ್ ತಂದು ಹಾಕಿದರೆ ಸಾಧನ ಚಾರ್ಜ್ ಮಾಡಲು ನಿರಾಕರಿಸುತ್ತದೆ. ಆಗ ಕೆಲವು ರಿಪೇರಿಯವರು 10 ಕಿಲೋ ಓಮಿನ ಸಾದಾ ರೆಸಿಸ್ಟರ್ ಬೆಸೆದು ಅದನ್ನು ನಂಬಿಸುತ್ತಾರೆ. ಸಾಧನ ಕೆಲಸ ಮಾಡುತ್ತದೆ, ನಿಜ. ಆದರೆ 60 ಡಿಗ್ರಿಯಲ್ಲಿಯೂ ಸೆಲ್ ತಣ್ಣಗಿದೆ ಎಂದೇ ತಿಳಿದು ಚಾರ್ಜ್ ಮಾಡುತ್ತಲೇ ಇರುತ್ತದೆ. ಮನೆಯ ಗಡಿಯಾರಕ್ಕೆ ಹಾಗೆ ಮಾಡಿದರೆ ನಾನು ಸುಮ್ಮನಿದ್ದೇನು, ಕಾರಿನ ಮುಂಗಾಜಿನ ಸಾಧನಕ್ಕೆ ಇದು ಸಲ್ಲದು.

ವೋಲ್ಟೇಜಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 3.7 ವೋಲ್ಟ್ ಎಂದು ಬರೆದ ಸೆಲ್ 4.2ಕ್ಕೆ ತುಂಬುತ್ತದೆ, 3.8 ಎಂದು ಬರೆದದ್ದು ಸಾಮಾನ್ಯವಾಗಿ 4.35ಕ್ಕೆ. 4.2ರ ಸಾಧನಕ್ಕೆ 4.35ರ ಸೆಲ್ ಹಾಕಿದರೆ ಅದು ಪೂರ್ತಿ ತುಂಬುವುದಿಲ್ಲ, ಅಷ್ಟೇ. ತಿರುವುಮುರುವಾದರೆ ಅಪಾಯ. ಶಾಖಕ್ಕೆ ಗಟ್ಟಿ ಎಂಬ ಹೆಸರಿರುವ ಲೀಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ಇದಕ್ಕೆ ಹಾಕಬಹುದೇ ಎಂದು ಓದುಗರು ಕೇಳುವುದುಂಟು. ಅದರ ಪೂರ್ಣ ಚಾರ್ಜ್ 3.65 ವೋಲ್ಟ್ ಆದ್ದರಿಂದ ಚಾರ್ಜಿಂಗ್ ಸರ್ಕ್ಯೂಟನ್ನೇ ಬದಲಿಸದೆ ಅದು ಆಗದ ಮಾತು.

ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಕೈಯಲ್ಲಿ ಹಿಡಿಯುವ ಮಾದರಿಗಳ ಕಥೆ ಬೇರೆ. ಅಲ್ಲಿ ನನ್ನ ಆಯ್ಕೆ ನಿಕಲ್ ಮೆಟಲ್ ಹೈಡ್ರೈಡ್, ಅದರಲ್ಲೂ ಸುಮ್ಮನೆ ಇಟ್ಟಾಗ ಬೇಗ ಸೋರದ ಬಗೆ. ಹಳೆಯ ಬಗೆಯವು ಬಳಸದೆ ಇಟ್ಟರೂ ಒಂದು ತಿಂಗಳಲ್ಲಿ ಕಾಲು ಭಾಗದಷ್ಟು ಚಾರ್ಜ್ ಕಳೆದುಕೊಳ್ಳುತ್ತಿದ್ದವು. 2005ರಲ್ಲಿ ಸಾನ್ಯೋ ಎನೆಲೂಪ್ ತಂದ ಮೇಲೆ ಆ ತೊಂದರೆ ನೀಗಿತು, ಈಗ ಅದೇ ಗುಣದ ಸೆಲ್‌ಗಳನ್ನು ಬೇರೆಯವರೂ ಮಾರುತ್ತಾರೆ. 2500 ಎಂಎಎಚ್‌ನದಕ್ಕಿಂತ 2000ದ್ದನ್ನೇ ಕೊಳ್ಳಿ ಎಂದರೆ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಆದರೆ ಅಷ್ಟೇ ಡಬ್ಬಿಯಲ್ಲಿ ಹೆಚ್ಚು ತುಂಬಿದ ಸೆಲ್ ಕಡಿಮೆ ಸಲ ಚಾರ್ಜಾಗಿ ಮುಗಿದುಹೋಗುತ್ತದೆ, ಇದು ಅನುಭವಕ್ಕೆ ಬಂದ ಮಾತು. ಇಲ್ಲೊಂದು ಲೆಕ್ಕವನ್ನೂ ನೋಡಬಹುದು: 2000 ಎಂಎಎಚ್‌ನ 1.2 ವೋಲ್ಟಿನ ಎರಡು ಸೆಲ್ ಸೇರಿ 4.8 ವಾಟ್ ಅವರ್, 1000 ಎಂಎಎಚ್‌ನ ಒಂದು ಲೀಥಿಯಂ ಸೆಲ್ 3.7 ವಾಟ್ ಅವರ್. ಎಂಎಎಚ್ ನೋಡಿದರೆ ಎರಡು ಪಟ್ಟು ವ್ಯತ್ಯಾಸ, ಶಕ್ತಿ ನೋಡಿದರೆ ಅಷ್ಟಿಲ್ಲ.

ಸಾಧನದ ಮೆನುವಿನಲ್ಲಿ ಬ್ಯಾಟರಿಯ ಬಗೆ ಬದಲಿಸುವ ಆಯ್ಕೆ ಇದ್ದರೆ ಅದನ್ನು ಮರೆಯಬೇಡಿ. ಆಲ್ಕಲೈನ್ ಎಂದೇ ಬಿಟ್ಟರೆ 1.2 ವೋಲ್ಟನ್ನು ಕಂಡು, ತುಂಬಿದ ಸೆಲ್ಲನ್ನೂ ಖಾಲಿ ಎಂದು ತೋರಿಸುತ್ತದೆ. ಹಳೆಯದು ಹೊಸದನ್ನು ಜೋಡಿ ಮಾಡಬೇಡಿ. ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸುವ ಚಾರ್ಜರನ್ನೇ ಕೊಳ್ಳಿ. ಪೆನ್ಸಿಲ್ ಸೆಲ್ಲಿನದೇ ಗಾತ್ರದಲ್ಲಿ 14500 ಎಂಬ 3.7 ವೋಲ್ಟಿನ ಲೀಥಿಯಂ ಸೆಲ್ ಕೂಡ ಮಾರುಕಟ್ಟೆಯಲ್ಲಿದೆ. ಎರಡನ್ನು ಹಾಕಿದರೆ 3 ವೋಲ್ಟ್ ನಿರೀಕ್ಷಿಸುವ ಸಾಧನಕ್ಕೆ 8 ವೋಲ್ಟಿಗೂ ಮೇಲೆ ಬಡಿಯುತ್ತದೆ. ಹೀಗೆ ಸುಟ್ಟು ಬಂದ ಬೋರ್ಡೊಂದು ನನ್ನಲ್ಲಿದೆ, ಕಲಿಯಲು ಬರುವ ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಐಎಸ್ 16046 ಎಂಬ ಭಾರತೀಯ ಮಾನಕದ ಗುರುತನ್ನೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನೂ ಹುಡುಕಿ, ತಯಾರಾದ ತಿಂಗಳನ್ನು ಕೇಳಿ. ಮೂರು ವರ್ಷ ಗೋದಾಮಿನಲ್ಲಿ ಕುಳಿತ ಲೀಥಿಯಂ ಸೆಲ್ ಹೊಸದಲ್ಲ. ತೆಗೆದ ಹಳೆಯ ಸೆಲ್ಲಿನ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ.

ಹೊಸದನ್ನು ಕೂರಿಸಿದ ಮೇಲೆ ಮೊದಲ ಚಾರ್ಜನ್ನು ಮನೆಯೊಳಗೆ ಪೂರ್ತಿ ಮಾಡಿ, ಆಮೇಲೆ ಸಂಜೆಯ ತಂಪಿನಲ್ಲಿ, ಮರದ ನೆರಳಿಲ್ಲದ ಬಯಲಿನಲ್ಲಿ ಸಾಧನವನ್ನು ಹದಿನೈದು ನಿಮಿಷ ಸುಮ್ಮನೆ ಹೊತ್ತಿಸಿಡಿ. ಉಪಗ್ರಹಗಳ ಪಂಚಾಂಗ ಪೂರ್ತಿ ಇಳಿಯಲು ಅಷ್ಟು ಹೊತ್ತು ಬೇಕು. ಆರಿಸಿ, ಒಂದು ಗಂಟೆ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಹೊತ್ತಿಸಿದಾಗ ಕೆಲವೇ ಸೆಕೆಂಡುಗಳಲ್ಲಿ ಸ್ಥಳ ಹಿಡಿದರೆ ಬ್ಯಾಟರಿ ತನ್ನ ಕೆಲಸ ಮಾಡುತ್ತಿದೆ. ಆಗಲೂ ಮೊದಲಿನಿಂದ ಹುಡುಕತೊಡಗಿದರೆ ಇನ್ನೊಂದು ಬ್ಯಾಟರಿ ಕೊಳ್ಳಲು ಹೋಗಬೇಡಿ, ದೋಷ ಬೋರ್ಡಿನಲ್ಲಿದೆ.