‘ಎಂದರೆ ಸರಿಯಲ್ಲ’ ಬರೆಸಿದರೆ ಪಾಟೀಸವಾಲು ಮುಗಿಯಿತೇ?

ಸೆಷನ್ಸ್ ಪ್ರಕರಣದ ಯಾವ ಸಾಕ್ಷಿ ನ್ಯಾಯಾಲಯದಲ್ಲಿ ಕೊಟ್ಟ ಹೇಳಿಕೆಯನ್ನೇ ತೆರೆದು ನೋಡಿ, ಕೊನೆಯ ಅರ್ಧ ಪುಟದಲ್ಲಿ ಒಂದೇ ರಾಗ: ‘ನಾನು ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಪಾಟೀಸವಾಲು ಎಂದರೆ ಇಷ್ಟೇ ಎಂದು ನಂಬಿ ವೃತ್ತಿಗೆ ಬರುವವರು ಬಹಳ. ನಾನೂ ಹಾಗೆ ಬಂದವನೇ.

ವಕೀಲರು ತಮ್ಮ ಪಕ್ಷದ ವಾದವನ್ನು ಸಾಕ್ಷಿಯ ಮುಂದಿಟ್ಟು, ಆತ ಅಲ್ಲಗಳೆದದ್ದನ್ನು ಬರೆಸುವ, ಸಜೆಷನ್ ಎನ್ನುವ ಈ ಸಾಲುಗಳು ಬೇಕು, ಆದರೆ ಅಳತೆ ಮೀರಿದರೆ ಕಕ್ಷಿದಾರನಿಗೇ ತಿರುಗುತ್ತವೆ. ‘ಕತ್ತಲಲ್ಲಿ ನಿಮಗೆ ಆರೋಪಿಯ ಮುಖ ಕಾಣಲಿಲ್ಲ’ ಎಂದು ಕೇಳಿದ ವಕೀಲರೇ, ಹತ್ತು ನಿಮಿಷದ ಬಳಿಕ ‘ಮೊದಲು ಕೈ ಮಾಡಿದ್ದು ಮೃತನೇ’ ಎಂದು ಅದೇ ಸಾಕ್ಷಿಗೆ ಹಾಕಿದ್ದನ್ನು ನೋಡಿದ್ದೇನೆ. ಎರಡನೆಯ ಪ್ರಶ್ನೆಯೊಂದಿಗೆ ಆರೋಪಿ ಸ್ಥಳದಲ್ಲಿದ್ದ ಎಂದು ಆತನ ವಕೀಲರೇ ಒಪ್ಪಿಕೊಂಡಂತಾಯಿತು. ಇಂತಹ ಸಜೆಷನ್‌ಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ನ್ಯಾಯಾಲಯ ಪರಿಗಣಿಸಬಹುದು, ಆದರೆ ಅವನ್ನಷ್ಟೇ ನೆಚ್ಚಿ ಶಿಕ್ಷೆ ವಿಧಿಸಲಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ನಿಜವಾದ ಕಸುಬು ಇರುವುದು ವಿರೋಧಾಭಾಸವನ್ನು, ಅಂದರೆ ಸಾಕ್ಷಿ ಮೊದಲು ಪೊಲೀಸರಿಗೆ ಹೇಳಿದ್ದಕ್ಕೂ ಈಗ ನ್ಯಾಯಾಲಯದಲ್ಲಿ ನುಡಿಯುವುದಕ್ಕೂ ಇರುವ ಹೊಂದಿಕೆಯಿಲ್ಲದ್ದನ್ನು, ದಾಖಲಿಸುವುದರಲ್ಲಿ. ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಸಾಕ್ಷ್ಯವಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 162, ಅದನ್ನು ಸಾಕ್ಷಿಯ ಮಾತಿಗೆ ಎದುರಾಗಿ ಹಿಡಿಯಲು ಮಾತ್ರ ಬಿಡುತ್ತದೆ. ಸುಪ್ರೀಂ ಕೋರ್ಟಿನ 1959ರ ತಹಸೀಲ್ದಾರ್ ಸಿಂಗ್ ತೀರ್ಪಿನಿಂದ ಈಚೆಗೆ ಕ್ರಮವೂ ಸ್ಪಷ್ಟವಾಗಿದೆ. ‘ನೀವು ಪೊಲೀಸರಿಗೆ ಬೇರೆ ಹೇಳಿದ್ದೀರಿ’ ಎಂದು ಗದರಿದರೆ ಏನೂ ಆಗದು. ಹೇಳಿಕೆಯ ಆ ಭಾಗವನ್ನೇ ಸಾಕ್ಷಿಗೆ ಓದಿ ಹೇಳಬೇಕು. ಒಪ್ಪಿದರೆ ಕೆಲಸ ಮುಗಿಯಿತು. ಅಲ್ಲಗಳೆದರೆ ಆ ಸಾಲುಗಳನ್ನು ಗುರುತು ಮಾಡಿಸಿಟ್ಟು, ತನಿಖಾಧಿಕಾರಿ ಕಟಕಟೆಗೆ ಬಂದ ದಿನ ‘ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?’ ಎಂದು ಕೇಳಿ ರುಜುವಾತು ಮಾಡಿಸಬೇಕು. ಮಹತ್ವದ ಸಂಗತಿಯನ್ನು ಪೊಲೀಸರಿಗೆ ಹೇಳದೆ ಬಿಟ್ಟಿದ್ದರೆ ಅದೂ ವಿರೋಧಾಭಾಸವೇ ಆಗಬಹುದು, ಆದರೆ ಅಂಗಿಯ ಬಣ್ಣ ಬಿಟ್ಟುಹೋಯಿತೆಂದು ಕುಣಿಯುವವರನ್ನು ಯಾವ ನ್ಯಾಯಾಧೀಶರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮೊದಲ ವರ್ಷಗಳಲ್ಲಿ ನಾನು ಎಡವಿದ್ದು ಇಲ್ಲೇ. ಪ್ರತ್ಯಕ್ಷಸಾಕ್ಷಿಯನ್ನು ಮೂರು ಕಡೆ ಹಿಡಿದಿದ್ದೆ. ಎಂಟು ತಿಂಗಳ ನಂತರ ತನಿಖಾಧಿಕಾರಿ ಬಂದಾಗ ಪಂಚನಾಮೆಯ ಬಗ್ಗೆ ಅಬ್ಬರಿಸಿ ಕುಳಿತೆ, ಆ ಮೂರನ್ನು ಕೇಳಲೇ ಇಲ್ಲ. ತೀರ್ಪಿನಲ್ಲಿ ಅವುಗಳ ಹೆಸರೇ ಇರಲಿಲ್ಲ.

ಸರ್ಕಾರಿ ಅಭಿಯೋಜಕರ ತಪ್ಪು ಇದರ ಇನ್ನೊಂದು ಮುಖ. ಸಾಕ್ಷಿ ಪ್ರತಿಕೂಲನಾದ, ಅಂದರೆ ತನ್ನನ್ನು ಕರೆಸಿದ ಪಕ್ಷಕ್ಕೇ ತಿರುಗಿ ನುಡಿದ, ಕೂಡಲೇ ಪೊಲೀಸರಿಗೆ ಕೊಟ್ಟ ಇಡೀ ಹೇಳಿಕೆಯನ್ನು ಒಂದೇ ಉಸಿರಿನಲ್ಲಿ ಓದಿ, ‘ಹಾಗೆ ಹೇಳಿಲ್ಲ’ ಎಂದು ಬರೆಸಿ ಕೈತೊಳೆದುಕೊಳ್ಳುತ್ತಾರೆ. ಪ್ರತಿಕೂಲ ಸಾಕ್ಷಿಯ ಮಾತು ಪೂರ್ತಿ ಅಳಿಸಿಹೋಗುವುದಿಲ್ಲ, ನಂಬಲರ್ಹ ಭಾಗ ಉಳಿಯುತ್ತದೆ ಎಂಬುದು ಸುಪ್ರೀಂ ಕೋರ್ಟಿನ ಸತ್ ಪಾಲ್ ಪ್ರಕರಣದಿಂದ ಇತ್ಯರ್ಥವಾದ ಮಾತು. ಆರೋಪಿಯ ಹೆಸರು ಹೇಳಲು ಹೆದರುವವನು ಸ್ಥಳ, ಸಮಯ, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದ್ದು ಇವನ್ನು ಒಪ್ಪಿಯಾನು. ಮೊದಲು ಅವನ್ನು ಒಂದೊಂದಾಗಿ ಪಡೆಯಬೇಕು.

ಈಗ ನನ್ನ ಕಡತದ ಮೊದಲ ಹಾಳೆಯಲ್ಲಿ ಎರಡು ಕಾಲಮುಗಳಿವೆ: ಸಾಕ್ಷಿ ಅಲ್ಲಗಳೆದ ಸಾಲು ಎಡಕ್ಕೆ, ತನಿಖಾಧಿಕಾರಿಯ ಉತ್ತರ ಬಲಕ್ಕೆ. ಬಲಗಡೆ ಖಾಲಿ ಇರುವವರೆಗೆ ‘ಇನ್ನು ಪ್ರಶ್ನೆಗಳಿಲ್ಲ’ ಎನ್ನುವುದಿಲ್ಲ.