ಜೋಗದ ಮೆಟ್ಟಿಲು ಇಳಿದವರ ತೊಡೆನೋವು

ಜೋಗದಲ್ಲಿ ಕೆಳಗಿನ ಗುಂಡಿವರೆಗೆ ಇಳಿದು ಬಂದವರ ಮಾತು ಯಾವಾಗಲೂ ಒಂದೇ: ‘ಇಳಿಯೋದು ಸಲೀಸು ಮಾರಾಯ್ರೇ, ಹತ್ತೋದೇ ಕಷ್ಟ.’ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ವಾಪಸ್ ಬರುವಾಗ ಏದುಸಿರು, ಎದೆ ಡವಡವ, ಹತ್ತು ಮೆಟ್ಟಿಲಿಗೊಮ್ಮೆ ಕೂರಬೇಕು. ಸಾಗರದ ಬಸ್ಸು ಹತ್ತುವ ಹೊತ್ತಿಗೆ ಸುಸ್ತು ಬಿಟ್ಟರೆ ಬೇರೇನೂ ಇರುವುದಿಲ್ಲ. ಆಟ ಶುರುವಾಗುವುದು ಮರುದಿನ. ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು. ಜಗಲಿಯ ಮೂರು ಮೆಟ್ಟಿಲನ್ನು ಅಡ್ಡಡ್ಡ ಇಳಿಯಬೇಕು. ಎರಡನೇ ದಿನ ನೋವು ಇನ್ನೂ ಜಾಸ್ತಿ. ಬೈಗುಳವೆಲ್ಲ ಹತ್ತಿದ ಮೆಟ್ಟಿಲುಗಳ ಪಾಲಿಗೆ.

ಆದರೆ ಆ ನೋವಿನ ಬಹುಪಾಲು ಬಂದದ್ದು ಇಳಿಯುವಾಗ. ಅನುಮಾನವಿದ್ದರೆ ಕೊಡಚಾದ್ರಿಗೆ ಹೋಗುವವರನ್ನು ಕೇಳಿ. ಬೆಟ್ಟದ ಎತ್ತರ 1343 ಮೀಟರ್. ಕೆಲವರು ಜೀಪಿನಲ್ಲಿ ಕುಲುಕಾಡುತ್ತಾ ಹತ್ತಿ, ನಡೆದು ಇಳಿಯುತ್ತಾರೆ. ಕೆಲವರು ನಡೆದು ಹತ್ತಿ ಜೀಪಿನಲ್ಲಿ ಇಳಿಯುತ್ತಾರೆ. ಬೆವರು ಹೆಚ್ಚು ಸುರಿಸಿದವರು ಎರಡನೆಯವರು. ಮರುದಿನ ಕುಂಟುವವರು ಮಾತ್ರ ಸಾಮಾನ್ಯವಾಗಿ ಮೊದಲನೆಯವರು.

ಇಷ್ಟು ಹೇಳಿದರೆ ಜಿಮ್ಮಿಗೆ ಹೋಗುವ ಹುಡುಗರು ತಕ್ಷಣ ‘ಅದು ಲ್ಯಾಕ್ಟಿಕ್ ಆಸಿಡ್’ ಅನ್ನುತ್ತಾರೆ. ಬಿರುಸಾಗಿ ದುಡಿದ ಸ್ನಾಯುವಿನಲ್ಲಿ ಹುಟ್ಟುವ ಈ ಆಮ್ಲವೇ ನೋವಿಗೆ ಕಾರಣವಂತೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಸೊಂಟದ ಉಳುಕು ಹೋಗುತ್ತದೆ ಎಂದು ಊರಲ್ಲಿ ಯಾರಾದರೂ ಹೇಳಿದರೆ ಇವರೇ ನಗುತ್ತಾರೆ. ತಮ್ಮ ಮೂಢನಂಬಿಕೆಗೆ ಮಾತ್ರ ಟ್ರ್ಯಾಕ್‌ಸೂಟ್ ತೊಡಿಸಿರುತ್ತಾರೆ!

ಈ ಆಸಿಡ್ಡಿನ ಕತೆ ಹಳೆಯದು. 19ನೇ ಶತಮಾನದ ಆರಂಭದಲ್ಲೇ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್, ಬೇಟೆಯಲ್ಲಿ ಓಡಿ ಓಡಿ ಸತ್ತ ಜಿಂಕೆಗಳ ಮಾಂಸದಲ್ಲಿ ಅದನ್ನು ಗುರುತಿಸಿದ್ದ. 1907ರಲ್ಲಿ ಇಂಗ್ಲೆಂಡಿನ ಫ್ಲೆಚರ್ ಮತ್ತು ಹಾಪ್ಕಿನ್ಸ್, ದಣಿದ ಕಪ್ಪೆಯ ಸ್ನಾಯುವಿನಲ್ಲಿ ಅದು ಸೇರಿಕೊಳ್ಳುತ್ತದೆ, ಆಮ್ಲಜನಕ ಕೊಟ್ಟರೆ ಕರಗುತ್ತದೆ ಎಂದು ತೋರಿಸಿದರು. ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ ಈ ದಾರಿಯ ಕೆಲಸಕ್ಕೇ 1922ರ ನೊಬೆಲ್ ಬಂತು. ದಣಿವಿನ ಜೊತೆ ಕಂಡದ್ದನ್ನು ಜನ ನೋವಿಗೂ ಅಂಟಿಸಿಬಿಟ್ಟರು. ನಿಜಕ್ಕೂ ಓಟ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಮೊದಲಿನಂತಾಗುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತದೆ. ಭಾನುವಾರ ಸಂಜೆಯೇ ಖಾಲಿಯಾದದ್ದು ಮಂಗಳವಾರ ಹೇಗೆ ನೋಯಿಸೀತು? 1983ರಲ್ಲಿ ಅಮೆರಿಕದಲ್ಲಿ ಕೆಲವರನ್ನು ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದವರಿಗೆ ಆಸಿಡ್ ಏರಿತು, ಮರುದಿನ ನೋವಿಲ್ಲ. ಇಳಿಜಾರಿನಲ್ಲಿ ಓಡಿದವರಿಗೆ ಆಸಿಡ್ ಏರಲಿಲ್ಲ, ನೋವು ಬಂತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ?

ಹಾಗಾದರೆ ಇಳಿಯುವಾಗ ಆಗುವುದೇನು? ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯುತ್ತಾ ಗಿಡ್ಡವಾಗಿ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗಲೂ ಅದು ಬಿಗಿದೇ ಇರುತ್ತದೆ, ಇಲ್ಲದಿದ್ದರೆ ಮಂಡಿ ಕುಸಿದು ಉರುಳುತ್ತೇವೆ. ಆದರೆ ಈಗ ಮೈಭಾರ ಅದನ್ನು ಎಳೆದು ಉದ್ದ ಮಾಡುತ್ತಿರುತ್ತದೆ. ಅಂದರೆ ಸ್ನಾಯು ಬ್ರೇಕಿನ ಕೆಲಸ ಮಾಡುತ್ತಿದೆ. ಗಣಪತಿ ಹಬ್ಬದ ಹಗ್ಗ ಜಗ್ಗಾಟ ನೆನಪಿಸಿಕೊಳ್ಳಿ. ಗೆಲ್ಲುವ ತಂಡಕ್ಕೆ ಸುಸ್ತು. ಹಗ್ಗ ಬಿಡದೆ ಹಿಡಿದು, ಆದರೂ ಎಳೆಸಿಕೊಂಡು ಹೋಗುವ ತಂಡಕ್ಕೆ ಅಂಗೈ ಸುಲಿಯುತ್ತದೆ. ಸ್ನಾಯುವಿನೊಳಗೆ ಆ್ಯಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಎಳೆಗಳು ಒಂದನ್ನೊಂದು ಹಿಡಿದು ಜಗ್ಗುತ್ತವೆ. ಇಂಥ ಒಂದು ಘಟಕದ ಉದ್ದ ಮಿಲಿಮೀಟರಿನ ಸುಮಾರು ಐನೂರನೇ ಒಂದು ಭಾಗ. ಸಾವಿರಾರು ಘಟಕಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಹಿಡಿತ ಬಿಡದೆ ಎಳೆಸಿಕೊಳ್ಳುವಾಗ ಸಾಲಿನಲ್ಲಿ ದುರ್ಬಲವಾದವು ಅತಿಯಾಗಿ ಹಿಗ್ಗಿ ಹರಿಯುತ್ತವೆ. 1981ರಲ್ಲಿ ಸ್ವೀಡನ್ನಿನಲ್ಲಿ ಮಹಡಿ ಮೆಟ್ಟಿಲು ಇಳಿದವರ ಮೀನಖಂಡದಿಂದ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಘಟಕಗಳ ನಡುವೆ ನೆಟ್ಟಗಿರಬೇಕಾದ ಗೆರೆಗಳು ಅಂಕುಡೊಂಕಾಗಿ ಚೆದುರಿದ್ದವು. ಹರಿದದ್ದನ್ನು ರಿಪೇರಿ ಮಾಡಲು ದೇಹ ಊತ ತರುತ್ತದೆ, ಅಲ್ಲಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಹೊತ್ತು ಬೇಕು. ಅದಕ್ಕೇ ನೋವು ಮರುದಿನ ಶುರುವಾಗಿ, ಎರಡು ಮೂರನೇ ದಿನ ಏರಿ, ವಾರದೊಳಗೆ ಇಳಿಯುತ್ತದೆ.

ತಮಾಷೆಯೆಂದರೆ ಬ್ರೇಕ್ ಹಾಕುವ ಕೆಲಸ ಬಲು ಅಗ್ಗ. 1952ರಲ್ಲಿ ಲಂಡನ್ನಿನಲ್ಲಿ ಅಬಾಟ್, ಬಿಗ್‌ಲ್ಯಾಂಡ್, ರಿಚಿ ಎಂಬ ಮೂವರು ಎರಡು ಸೈಕಲ್ಲುಗಳನ್ನು ಹಿಂದುಮುಂದಾಗಿ ಒಂದೇ ಚೈನಿಗೆ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ತಡೆಯಬೇಕು. ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಎಷ್ಟೋ ಪಟ್ಟು ಕಡಿಮೆ. ಅದರ ಪ್ರದರ್ಶನದಲ್ಲಿ ಪುಟ್ಟ ಮೈಕಟ್ಟಿನ ಬ್ರೆಂಡಾ ಬಿಗ್‌ಲ್ಯಾಂಡ್ ಆರಾಮಾಗಿ ತಡೆಯುತ್ತಾ ದೊಡ್ಡಾಳು ರಿಚಿಯನ್ನು ಸುಸ್ತು ಮಾಡಿಸಿದರಂತೆ. (ಆಕೆ ಮುಂದೆ ಬಿಗ್‌ಲ್ಯಾಂಡ್-ರಿಚಿ ಎಂದೇ ಹೆಸರಾದರು!) ಆದರೆ ಈ ಉಳಿತಾಯಕ್ಕೆ ಬೆಲೆಯಿದೆ. ತಡೆಯುವಾಗ ದುಡಿಯುವ ಎಳೆಗಳೂ ಕಡಿಮೆ, ಹಾಗಾಗಿ ಒಂದೊಂದರ ಮೇಲೂ ಭಾರ ಜಾಸ್ತಿ.

ಒಂದು ಸಲ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಗದ್ದೆ ನೆಟ್ಟಿ ಶುರುವಾದಾಗ ಬಗ್ಗಿ ಬಗ್ಗಿ ಮೊದಲೆರಡು ದಿನ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ, ಆಮೇಲೆ ಮೈ ಪಳಗುತ್ತದೆ. ತರಬೇತಿಯ ಗುಟ್ಟೂ ಅಷ್ಟೇ. ಚಾರಣಕ್ಕೆ ಎರಡು ವಾರ ಮೊದಲು ಒಂದು ಸಣ್ಣ ಗುಡ್ಡ ಇಳಿದು ಬನ್ನಿ, ಸಾಕು. ಓಡುವ ಮೊದಲು ಕೈಕಾಲು ಚಾಚಿ ಸ್ಟ್ರೆಚಿಂಗ್ ಮಾಡಿದರೆ ಈ ನೋವು ಬರುವುದಿಲ್ಲ ಎನ್ನುವುದಕ್ಕೆ ಆಧಾರ ತೀರಾ ಕಮ್ಮಿ. ಎಣ್ಣೆ ತಿಕ್ಕಿದರೆ ಹಿತ, ತಿಕ್ಕಿಕೊಳ್ಳಿ. ನಾಲ್ಕನೇ ದಿನ ನೋವು ತಾನಾಗೇ ಇಳಿದಾಗ ಎಣ್ಣೆಗೆ ಪೂರ್ತಿ ಶಹಬ್ಬಾಸ್ ಕೊಡಬೇಡಿ.

ಆದರೆ ಎಲ್ಲ ನೋವೂ ಇದಲ್ಲ. ಆಡುತ್ತಿರುವಾಗಲೇ ಚಳಕ್ ಎಂದು ಒಂದೇ ಕಡೆ ಹಿಡಿದರೆ, ಊದಿಕೊಂಡರೆ, ಕಾಲೂರಲು ಆಗದಿದ್ದರೆ ಅದು ಪೆಟ್ಟು. ಉಳುಕು ತೆಗೆಯುವವರ ಹತ್ತಿರ ನೀವಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ವಿಪರೀತ ಶ್ರಮದ ನಂತರ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಆಸ್ಪತ್ರೆಗೆ ಓಡಬೇಕು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಕುತ್ತು ತರುವ ಲಕ್ಷಣ ಅದು.

ಇಷ್ಟು ಓದಿ ಯಾರೂ ಇಳಿಜಾರನ್ನು ಶತ್ರು ಮಾಡಿಕೊಳ್ಳಬಾರದು. 2017ರಲ್ಲಿ ತೈವಾನಿನಿಂದ ಒಂದು ವರದಿ ಬಂತು. ತೂಕ ಹೆಚ್ಚಿದ್ದ ವಯಸ್ಸಾದ ಹೆಂಗಸರಲ್ಲಿ ಒಂದು ಗುಂಪು 12 ವಾರ ಮೆಟ್ಟಿಲು ಹತ್ತಿತು, ಲಿಫ್ಟಿನಲ್ಲಿ ಇಳಿಯಿತು. ಇನ್ನೊಂದು ಗುಂಪು ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲು ಇಳಿಯಿತು. ಕಾಲಿನ ಬಲ ಹೆಚ್ಚು ಬೆಳೆದದ್ದು ಇಳಿದವರಿಗೆ. ಮೂಳೆಯ ಗಟ್ಟಿತನದಲ್ಲೂ ಅವರೇ ಮುಂದು. ಮಂಡಿಯಲ್ಲಿ ತೊಂದರೆಯಿಲ್ಲದ ಹಿರಿಯರು, ದಿನಕ್ಕೆ ಒಂದೆರಡು ಮಹಡಿಯಿಂದ ಶುರುಮಾಡಿ, ಕಂಬಿ ಹಿಡಿದುಕೊಂಡು, ಇದನ್ನು ಶಿವಮೊಗ್ಗದ ಲಿಫ್ಟ್ ಇರುವ ಯಾವ ಕಟ್ಟಡದಲ್ಲಾದರೂ ಮಾಡಬಹುದು.